ಅನ್ನಮ್ಮನ ಸರದಿ

ಪಡಸಾಲೆಯಲ್ಲಿ ಬಾಲಪ್ಪ ಕೈಮುಗಿದು "ಕರುಣಾಳು ತಂದೆಯೇ" ಎಂದು ಬಾಯಿ ತೆರೆಯುವುದಕ್ಕೂ ಒಳಮನೆಯಲ್ಲಿ ಬೀಸುಕಲ್ಲು ಗುಡುಗುಡು ಎನ್ನುವುದಕ್ಕೂ ಸರಿಹೋಯಿತು. ಆತ ದನಿ ಏರಿಸಿದ. ಕಲ್ಲೂ ಏರಿಸಿತು. "ಬೆಳಕು ಕೊಟ್ಟಿದ್ದಕ್ಕೆ ಸ್ತೋತ್ರ, ಉಸಿರು ಕೊಟ್ಟಿದ್ದಕ್ಕೆ ಸ್ತೋತ್ರ" ಎಂಬ ಮಾತು ಕಣ್ಣು ಮುಚ್ಚಿ ಕೂತಿದ್ದ ಏಳೆಂಟು ಮಂದಿಗೆ ಅರ್ಧ ಕೇಳಿಸಿತು, ಇನ್ನರ್ಧ ಜೋಳದ ಜೊತೆ ಹಿಟ್ಟಾಯಿತು.

ಒಳಗೆ ಅನ್ನಮ್ಮ ಒಂದು ಕಾಲು ಚಾಚಿ, ಸೆರಗು ಸೊಂಟಕ್ಕೆ ಬಿಗಿದು ಬೀಸುತ್ತಿದ್ದಳು. ಬುಟ್ಟಿಯಲ್ಲಿದ್ದ ಜೋಳ ಇಬ್ಬರ ರೊಟ್ಟಿಗೆ ಬೇಕಾದದ್ದರ ಮೂರು ಪಟ್ಟಿತ್ತು. ಹನ್ನೊಂದು ದಿನದಿಂದ ಹೀಗೆಯೇ. ಗಂಡ ಪ್ರಾರ್ಥನೆಗೆ ಕೂತನೆಂದರೆ ಆಕೆ ಕಲ್ಲಿಗೆ ಕೂರುತ್ತಿದ್ದಳು. ಆತ "ಆಮೆನ್" ಎಂದಮೇಲೆ ಕಲ್ಲೂ ನಿಲ್ಲುತ್ತಿತ್ತು.

ಮೊದಲು ಹೀಗಿರಲಿಲ್ಲ. ಕುಷ್ಟಗಿಗೆ ಏಳು ಮೈಲಿ ದೂರದ ಆ ಊರಿನ ಕೇರಿಯಲ್ಲಿ ಹತ್ತು ಮನೆಗಳು ಕ್ರಿಸ್ತನ ಒಕ್ಕಲಾಗಿ ಆರು ವರ್ಷವಾಗಿತ್ತು. ಬಾಲಪ್ಪ ರಾಯಚೂರಿನ ಕಡೆ ಹೋಗಿ ಅಕ್ಷರ ಕಲಿತು ಉಪದೇಶಿಯಾಗಿ ಬಂದಿದ್ದ. ದೀಕ್ಷಾಸ್ನಾನದಲ್ಲಿ ಯೋಹಾನನೆಂದು ಹೆಸರಿಟ್ಟಿದ್ದರೂ ಕೇರಿಯ ಬಾಯಲ್ಲಿ ಬಾಲಪ್ಪನಾಗಿಯೇ ಉಳಿದಿದ್ದ. ಗೌಡರ ಹೊಲಗಳಿಗೆ ಕೂಲಿಗೆ ಹೋಗುವ ಮುಂಚೆ ಎಲ್ಲರೂ ಅವನ ಪಡಸಾಲೆಗೆ ಬಂದು ಕೂರಬೇಕು, ಒಬ್ಬೊಬ್ಬರೂ ಸರದಿಯಂತೆ ನಿನ್ನೆ ದೇವರು ಮಾಡಿದ ಒಂದು ಉಪಕಾರ ಹೇಳಿ ಸ್ತೋತ್ರ ಸಲ್ಲಿಸಬೇಕು ಎಂಬ ಪದ್ಧತಿ ಹಾಕಿದವನು ಅವನೇ. ಶುರುವಿನಲ್ಲಿ ಮಂದಿ ತಡವರಿಸಿದ್ದರು. ನಿಮಗೇನು ಒಳ್ಳೆಯದಾಯಿತು ಎಂದು ಆ ಜನವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆಗ ಎಲ್ಲರಿಗಿಂತ ಮೊದಲು ಬಾಯಿ ಬಿಚ್ಚಿದವಳು ಅನ್ನಮ್ಮ. "ಹಿತ್ತಲಾಗ ಹೀರಿಬಳ್ಳಿ ಹಬ್ಬೈತಿ, ಸ್ತೋತ್ರ" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಮರುದಿನದಿಂದ ಎಲ್ಲರಿಗೂ ಏನಾದರೊಂದು ಸಿಗತೊಡಗಿತು.

ಈ ಸಲದ ಬೇಸಿಗೆಯಲ್ಲಿ ಕೇರಿಗೆ ವಾಂತಿಭೇದಿ ಬಂತು. ಬಾಲಪ್ಪ ಯಲಬುರ್ಗಾ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದ. ಅಲ್ಲಿ ಆರು ಮನೆಯವರು ಭಾನುವಾರ ಮೊದಲ ಪ್ರಾರ್ಥನೆಗೆ ಕೂಡುವವರಿದ್ದರು. ಶನಿವಾರ ಮಧ್ಯಾಹ್ನ ನಾಲ್ಕು ವರ್ಷದ ಮಗಳು ಸುವಾರ್ತಿ ವಾಂತಿ ಮಾಡಿಕೊಂಡಳು. ಅನ್ನಮ್ಮ ತನ್ನ ತಮ್ಮ ಹುಲಿಗೆಪ್ಪನನ್ನು ಗಂಡನ ಬಳಿಗೆ ಓಡಿಸಿದಳು. ಭಾನುವಾರ ನಸುಕಿನಲ್ಲಿ ಊರೊಳಗಿನ ಕರಿಬಸಪ್ಪನ ಮನೆ ಮುಂದೆ ನಿಂತು ಬಂಡಿ ಕೇಳಿದಳು. ಕೇರಿಯ ಕೂಸಿಗೆ, ಅದರಲ್ಲೂ ಇಂಥ ಬ್ಯಾನಿ ಹತ್ತಿದ ಕೂಸಿಗೆ, ಯಾರು ಬಂಡಿ ಕಟ್ಟುತ್ತಾರೆ? ಮಗುವನ್ನು ಹೆಗಲಿಗೆ ಹಾಕಿಕೊಂಡು ಕುಷ್ಟಗಿಯ ದವಾಖಾನೆಯ ಹಾದಿ ಹಿಡಿದವಳು ಅರ್ಧ ಹಾದಿಯಿಂದ ಹೊರಳಿ ಬಂದಳು. ಆ ಸಂಜೆ ಬಾಲಪ್ಪ ಬಂದ. ಸುದ್ದಿ ಇಂದು ಮಧ್ಯಾಹ್ನವಷ್ಟೇ ಮುಟ್ಟಿತು ಎಂದು ಕೇರಿಗೆಲ್ಲ ಹೇಳಿದ. ಅತ್ತ. ಮಣ್ಣು ಮಾಡಿದ. ಮರುದಿನ ಬೆಳಗಿನ ಹೊತ್ತಿಗೆ, ಆಕೆಯೇ ಒಗೆದಿಟ್ಟ ಧೋತರ ಉಟ್ಟು, ಕೈಮುಗಿದು ಕೂತು, "ನಾಲ್ಕು ವರ್ಷ ಈ ಕೂಸಿನ್ನ ನಮ್ಮ ಉಡ್ಯಾಗ ಇಟ್ಟಿದ್ದಿ, ಸ್ತೋತ್ರ" ಎಂದ.

ಆ ಮಾತು ಕಿವಿಗೆ ಬಿದ್ದಾಗಲೇ ಅನ್ನಮ್ಮ ಎದ್ದು ಒಳಗೆ ಹೋಗಿದ್ದಳು. ಮೂರನೆಯ ದಿನ ಹುಲಿಗೆಪ್ಪ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅಕ್ಕನ ಮುಖ ನೋಡದೆ, ಸುದ್ದಿ ಮುಟ್ಟಿದ್ದು ಯಾವಾಗ ಎಂಬುದನ್ನು ಹೇಳಿ ಹೋದ. ಅಂದಿನಿಂದ ಗಂಡನ ಮುಗಿದ ಕೈ ಕಂಡರೂ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

ಇಂದು ಬಾಲಪ್ಪ ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸಿ ಒಳಗೆ ಬಂದ. ಬಗ್ಗಿ ಕಲ್ಲಿನ ಗೂಟ ಹಿಡಿದ.

"ಸಾಕು ನಿಲ್ಲಸ. ಮಂದಿ ಏನಂದಾರು?"

"ರೊಟ್ಟಿ ಬ್ಯಾಡೇನ್ರಿ? ಜೋಳ ಬೀಸಲಿಲ್ಲಂದ್ರ ನಿಮ್ಮ ಸ್ವಾಮಿ ಬಂದು ಬಡದು ಕೊಡ್ತಾನೇನು?"

"ಬಾಯಿ ಬಿಗಿ ಹಿಡಿ, ಅನ್ನಮ್ಮ. ನಾಳಿ ಮಿಶನ್ನಿನ ದೊಡ್ಡ ಅಯ್ಯನೋರು ಬರ್ತಾರ. ಉಪದೇಶಿ ಮನ್ಯಾಗಿನಾಕಿನ ಪ್ರಾರ್ಥನಿಗೆ ಕೂಡೋದಿಲ್ಲ ಅಂದ್ರ ನನ್ನ ಮುಖ ಎಲ್ಲಿ ಉಳೀತು?"

ಮುಖ! ಮಗಳು ಹೋಗಿ ಹನ್ನೊಂದು ದಿನಕ್ಕೆ ಈತನಿಗೆ ತನ್ನ ಮುಖದ ಚಿಂತೆ. ಅನ್ನಮ್ಮ ಗೂಟ ಬಿಟ್ಟಳು. ಕೈಗೆ ಹತ್ತಿದ ಹಿಟ್ಟನ್ನೂ ಝಾಡಿಸದೆ ಎದ್ದಳು.

"ಕೂಡ್ತೀನಿ, ನಡೀರಿ" ಎಂದಳು.

ಆಕೆ ಬಂದು ಕೂತದ್ದು ಕಂಡು ಮಂದಿ ಹಿಗ್ಗಿ ಜಾಗ ಬಿಟ್ಟರು. ಕೇರಿಗೆಲ್ಲ ಹಿರಿಯಳಾದ ಸಣ್ಣವ್ವ ಆಕೆಯ ಬೆನ್ನು ಸವರಿದಳು. ಸರದಿ ಸುರುವಾಯಿತು. ಒಬ್ಬಾತ ಕಾಲಿನ ಹುಣ್ಣು ಮಾಯಿತೆಂದ. ಸಣ್ಣವ್ವ ತನ್ನ ಆಡು ಎರಡು ಮರಿ ಹಾಕಿತೆಂದು, ಎರಡೂ ಹೆಣ್ಣೆಂದು, ಎರಡು ಸಲ ಸ್ತೋತ್ರ ಹೇಳಿದಳು. ಸರದಿ ಅನ್ನಮ್ಮನಿಗೆ ಬಂತು.

ಆಕೆ ಕಣ್ಣು ಮುಚ್ಚಲಿಲ್ಲ. ಮುಂದಿನ ಗೋಡೆ ನೋಡುತ್ತ, ಸಂತೆಗೆ ತರಬೇಕಾದದ್ದನ್ನು ಹೇಳುವವಳ ಹಾಗೆ ಹೇಳಿದಳು:

"ಕರಿಬಸಪ್ಪನ ಬಂಡಿ ಹಟ್ಯಾಗ ನಿಂತಿತ್ತು, ನನಗ ಸಿಗಲಿಲ್ಲ. ಸ್ತೋತ್ರ. ನನ್ನ ಕೂಸು ಬಾಯಿ ಒಣಗಿ ನೀರು ನೀರು ಅಂತು, ಬಾವಿ ಕಣ್ಣಿಗೆ ಕಾಣತಿತ್ತು, ಅದರ ಕಟ್ಟಿ ಹತ್ತಲಿಕ್ಕೆ ನನಗ ಹಕ್ಕಿರಲಿಲ್ಲ. ಸ್ತೋತ್ರ."

"ಅನ್ನಮ್ಮ" ಎಂದ ಬಾಲಪ್ಪ.

"ನನ್ನ ಸರದಿ ಮುಗಿದಿಲ್ಲ. ಶನಿವಾರ ದೀಪ ಹಚ್ಚೋ ಹೊತ್ತಿಗೆ ನನ್ನ ತಮ್ಮ ಹೋಗಿ ನನ್ನ ಗಂಡಗ ಹೇಳ್ಯಾನ. ನನ್ನ ಗಂಡ ಎದ್ದು ಬರಲಿಲ್ಲ. ರವಿವಾರ ಆರು ಮನಿ ಮಂದಿನ್ನ ಕುಂದ್ರಿಸಿ, ಹಾಡಿಸಿ, ಪ್ರಾರ್ಥನಿ ಮಾಡಿಸಿ, ಉಂಡು, ಆಮ್ಯಾಲ ಹೊಂಟ. ಅದಕ್ಕೂ ಸ್ತೋತ್ರ."

ಬಾಲಪ್ಪ ಹಾಡು ಎತ್ತಲು ನೋಡಿದ. ಯಾರೂ ದನಿಗೂಡಿಸಲಿಲ್ಲ. ಮಂದಿ ಒಬ್ಬೊಬ್ಬರಾಗಿ ಕಣ್ಣು ತೆರೆದು ಅವನನ್ನು ನೋಡಿದರು.

"ಹೌದೇನೋ ಬಾಲಪ್ಪ?" ಸಣ್ಣವ್ವ ಕೇಳಿದಳು. "ರವಿವಾರ ಮಧ್ಯಾಹ್ನ ಸುದ್ದಿ ಬಂತು ಅಂದಿದ್ದೆಲ್ಲೋ?"

ಬಾಲಪ್ಪ, "ಹೌದಬೇ" ಎಂದ. "ಸಂಜಿಗೇ ಬಂದಿತ್ತು. ನಾ ಮೊಣಕಾಲೂರಿ ಬೇಡಿಕೊಂಡೆ. ವಾಸಿ ಆಗತೈತಿ ಅಂತ ಮನಸಿಗೆ ಬಂತು. ನಂಬಿದೆ. ಆರು ಮನಿ ಮಂದಿಗೆ ದೇವರ ಮ್ಯಾಲ ಭಾರ ಹಾಕ್ರಿ ಅಂತ ಹೇಳಿ, ನಾನೇ ಎದ್ದು ಓಡಿದ್ರ ಅವರು ಏನು ತಿಳೀತಿದ್ರು?"

"ಅವರು ಏನು ತಿಳೀತಿದ್ರು!" ಅನ್ನಮ್ಮ ಎದ್ದು ನಿಂತಳು. "ನಂಬಿಕಿ ನಿಂದು. ಸತ್ತದ್ದು ನನ್ನ ಕೂಸು. ನಿನ್ನ ನಂಬಿಕಿಗೆ ನನ್ನ ಕೂಸಿನ್ನ ಒತ್ತಿ ಇಡು ಅಂತ ಯಾರು ಹೇಳಿದ್ರೋ ನಿನಗ?"

ಹನ್ನೆರಡು ವರ್ಷದ ಬಾಳುವೆಯಲ್ಲಿ ಆಕೆ ಗಂಡನಿಗೆ 'ನೀ' ಎಂದದ್ದು ಅದೇ ಮೊದಲು.

"ಅದು ನಂದೂ ಕೂಸು" ಎಂದ ಬಾಲಪ್ಪ, ತನಗೇ ಕೇಳದ ದನಿಯಲ್ಲಿ.

"ಹಂಗಾದ್ರ ಹನ್ನೊಂದು ದಿನ ದೇವರಿಗೆ ಹೇಳಿದಿ. ನನಗೇನು ಹೇಳಿದಿ?"

ಹೊತ್ತು ಮೂಡಿತ್ತು. ತಡವಾದರೆ ಗೌಡರ ಬೈಗುಳ ತಪ್ಪದು. ಮಂದಿ "ಆಮೆನ್" ಇಲ್ಲದೆಯೇ ಎದ್ದು, ಕುಡುಗೋಲು ಬುಟ್ಟಿ ತೆಗೆದುಕೊಂಡು ಹೊರಟರು. ಸಣ್ಣವ್ವ ಕಡೆಗೆ ಎದ್ದು ಹೋದಳು.

ಅನ್ನಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಹೇಳಿದಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಸಿಟ್ಟು ಇದ್ದಲ್ಲೇ ಇತ್ತು. ಹಿಟ್ಟಿಗೆ ಬಿಸಿನೀರು ಸುರಿದಳು, ಹೆಚ್ಚಾಗಿ ಅಂಬಲಿಯಾಯಿತು. ಪಾತ್ರೆಯನ್ನು ಅತ್ತ ನೂಕಿದಳು.

ಬಾಗಿಲಲ್ಲಿ ನೆರಳು ಬಿತ್ತು.

"ಯಾವ ಜಾಗದಾಗ?" ಬಾಲಪ್ಪ ಕೇಳಿದ.

ಆಕೆಗೆ ತಿಳಿಯಲಿಲ್ಲ.

"ಹಾದ್ಯಾಗ… ಯಾವ ಜಾಗದಾಗ ಹೋತು, ಕೂಸು?"

ಅನ್ನಮ್ಮ ಅವನನ್ನು ದಿಟ್ಟಿಸಿದಳು. ಹನ್ನೊಂದು ದಿನದಲ್ಲಿ ಬಂದವರೆಲ್ಲ ಎಷ್ಟು ಸಲ ವಾಂತಿಯಾಯಿತು, ಏನು ಮದ್ದು ಕೊಟ್ಟಿ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಕೊನೆಗೂ ಕೇಳಿದನಲ್ಲ ಎಂಬುದಕ್ಕಿಂತ ಈಗ ಕೇಳಿದನಲ್ಲ, ಇಷ್ಟು ತಡವಾಗಿ, ಎಂಬುದೇ ಆಕೆಯನ್ನು ಮತ್ತೆ ಉರಿಸಿತು. ಒಲೆಯ ಕಟ್ಟಿಗೆ ಹಿರಿದು ನೀರು ಚಿಮುಕಿಸಿ ಹೊರಗೆ ಬಂದಳು. ಹಿಂದೆ ನೋಡದೆ ಕುಷ್ಟಗಿಯ ಹಾದಿ ಹಿಡಿದಳು. ಅವನು ಹತ್ತು ಮಾರು ಬಿಟ್ಟು ಹಿಂದೆ ಬಂದ.

ಕೆಂಪು ಮಸಾರಿ ಹೊಲಗಳ ನಡುವೆ ಹಾದಿ ಆಗಲೇ ಕಾಯತೊಡಗಿತ್ತು. ಮೈಲಿಯಷ್ಟು ನಡೆದ ಮೇಲೆ ಬಾಲಪ್ಪ ಹಿಂದಿನಿಂದ, "ನಾಳಿ ಅಯ್ಯನೋರಿಗೆ ನಾನೇ ಹೇಳ್ತೀನಿ. ಸುಳ್ಳು ಹೇಳಿದ್ದೂ ಹೇಳ್ತೀನಿ. ಕೆಲಸ ಹೋದ್ರ ಹೋಗ್ಲಿ" ಎಂದ.

"ಅವರಿಗೆ ಹೇಳಿದ್ರ ನನಗೇನಾತು?" ಎಂದಳು ಆಕೆ, ನಡೆಯುತ್ತಲೇ.

ಹಳ್ಳದ ಇಳಿಜಾರಿನಲ್ಲಿ ಕೈ ಮಾಡಿ ತೋರಿಸಿದಳು. "ಇಲ್ಲಿ ನೀರು ಕೇಳಿದ್ಲು. ವರತಿ ತೋಡಿದೆ, ಹಸಿ ಉಸುಕು ಬಂತು, ನೀರು ಬರಲಿಲ್ಲ." ಮುಂದೆ ಒಂದು ಬಾರಿಹಣ್ಣಿನ ಗಿಡದ ಹತ್ತಿರ, "ಇಲ್ಲಿ ಬಳಿಗಾರ ಖಾಜಾಬೀ ಎದುರಿಗೆ ಬಂದ್ಲು. ಬಳಿ ಮಲ್ಲಾರ ಕೆಳಗಿಟ್ಟು ತನ್ನ ಚೆಂಬಿನ ನೀರು ಕುಡಿಸಿದ್ಲು. ತನ್ನ ಸೀರಿ ಸೆರಗಿನಿಂದ ಕೂಸಿನ ಕಾಲು ಒರಿಸಿದ್ಲು. ಹೇಸಲಿಲ್ಲ" ಎಂದಳು. ಹಾದಿ ಏರಿತು. ಏರಿನ ನಡುವೆ ಆಕೆಯ ಹೆಜ್ಜೆ ನಿಧಾನವಾಯಿತು.

"ಇಲ್ಲಿ, 'ಅಪ್ಪ ಬಂದನೇನು?' ಅಂತ ಕೇಳಿದ್ಲು."

ಹಿಂದಿನ ಹೆಜ್ಜೆ ನಿಂತಿತು.

"ನೀ ಏನಂದಿ?"

"ಬಂದಾನ, ಮುಂದ ನಡದಾನ, ಅಗೋ ಅಲ್ಲಿ ಹೊಂಟಾನ ನೋಡು ಅಂದೆ. ಕುತ್ತಿಗಿ ಎತ್ತಿ ನೋಡಿದ್ಲು."

ಬಾಲಪ್ಪ ಬಾಯಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡ. ಅನ್ನಮ್ಮ ತಿರುಗಿ ನೋಡದೆ ಏರು ಹತ್ತಿದಳು. ಮೇಲೆ, ಸರ್ಕಾರದ ಮೈಲುಗಲ್ಲಿನ ಆಚೆ, ಒಂದು ಜಾಲಿ ಮರವಿತ್ತು. ಅದರಿಂದ ನಾಲ್ಕು ಹೆಜ್ಜೆ ಈಚೆಗೆ, ಬಟ್ಟ ಬಯಲ ಹಾದಿಯಲ್ಲಿ ನಿಂತು, ಕಾಲ ಹೆಬ್ಬೆರಳಿನಿಂದ ಮಣ್ಣು ತೋರಿಸಿದಳು.

"ನೆಳ್ಳಿಗೂ ಮುಟ್ಟಲಿಲ್ಲ" ಎಂದಳು.

ಬಾಲಪ್ಪ ಬಂದು ಆ ಜಾಗ ನೋಡಿದ. ಅಲ್ಲಿ ಬಂಡಿಯ ಗಾಲಿಯ ಗುರುತುಗಳಿದ್ದವು, ಬೇರೇನೂ ಇರಲಿಲ್ಲ. ಮೊಣಕಾಲೂರಿದ, ಅಭ್ಯಾಸದಂತೆ ಕೈಗಳು ಒಂದಕ್ಕೊಂದು ಹತ್ತಿರ ಬಂದವು, ಕೂಡಲಿಲ್ಲ. ಅವನ್ನು ಬಿಸಿ ಮಣ್ಣಿನ ಮೇಲೆ ಇಟ್ಟ. ಆಮೇಲೆ ಅಲ್ಲೇ ಕೂತುಬಿಟ್ಟ.

ಅನ್ನಮ್ಮ ಹೋಗಿ ಜಾಲಿಯ ನೆರಳಲ್ಲಿ ನಿಂತಳು. ಬಾ ಎನ್ನಲಿಲ್ಲ. ಏಳು ಎನ್ನಲಿಲ್ಲ. ಕುಷ್ಟಗಿಯ ಕಡೆಯಿಂದ ಕುರಿಯ ಹಿಂಡೊಂದು ಬಂತು. ಹಿಂದಿದ್ದ ಕುರುಬ "ಹಾದಿ ಬಿಡ್ರೋ ಯಣ್ಣ" ಎಂದು ಎರಡು ಸಲ ಕೂಗಿ, ಅವನ ಮುಖ ಕಂಡು ಸುಮ್ಮನಾದ. ಕುರಿಗಳು ಕೂತವನ ಹತ್ತಿರ ಬಂದು ಇಬ್ಭಾಗವಾಗಿ ಎರಡೂ ಕಡೆಯಿಂದ ಹಾದು ಮತ್ತೆ ಮುಂದೆ ಒಂದಾದವು. ಧೂಳು ಎದ್ದಿತು, ಬಹಳ ಹೊತ್ತು ಇಳಿಯಲಿಲ್ಲ.