ಹೊರಗುಳಿದ ಎರಡ ಪಟ್ಟಿ

ಕೇಳ್ರಿ, ನಟ್-ಬೋಲ್ಟಿನ ವಿಷಯ ಬಂದ್ರ ಇಡೀ ಸೊಲ್ಲಾಪುರ ಜಿಲ್ಲಾದಾಗ ಹೀರೋ ಒಬ್ಬನ. ಹೆಸರು ಚನ್ನವೀರ, ಊರು ಅಕ್ಕಲಕೋಟ, ವಯಸ್ಸು ಹತ್ತೊಂಬತ್ತು. ಅವನ ಕೈಯಾಗ ನಟ್ಟು ತಿರುವೋ ಪಾನಾ ನೋಡಿದ್ರ ಬೋಲ್ಟು ತಾನ ತಿರುಗಿ ಕುಂಡ್ರತೈತಿ. ನಿಮ್ಮ ಕಡೆ ಅಂಥಾಂವ ಇದ್ರ ಕರಕೊಂಡ ಬರ್ರಿ, ಪಂದ್ಯ ಹಚ್ಚೋಣು. ಇಲ್ಲಂದ್ರ ಸುಮ್ನ ಕುಂತು ಕಥಿ ಕೇಳ್ರಿ. ಇಂಟರ್ವಲ್ ಇಲ್ಲ.

ಎಪ್ಪತ್ನಾಲ್ಕರ ದೀಪಾವಳಿ ಸೂಟಿ. ಚನ್ನವೀರ ಸೊಲ್ಲಾಪುರಕ್ಕ ಬಂದಿದ್ದ, ವಿಜಾಪುರ ರಸ್ತೆದಾಗಿದ್ದ ಅಕ್ಕ ಉಮಾಬಾಯಿ ಮನಿಗೆ. ಆಕಿ ಗಂಡ ಶಾಂತಲಿಂಗಪ್ಪಂದು ಚಾದರದ ವ್ಯಾಪಾರ. ಮುಂದ ಅಂಗಡಿ, ಹಿಂದ ಮನಿ. ಮಗಳು ಶಾರಿ, ಏಳು ವರ್ಷದಾಕಿ. ಆಕಿ ಖೋಲ್ಯಾಗ ಅರ್ಧ ಜಾಗಾ ಚಾದರದ ಗಂಟಿಗೇ ಹೋಗಿತ್ತು. ಹಿಂಗಾಗಿ ಉಮಾಬಾಯಿ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದ ಸಣ್ಣ ಕಾರಖಾನ್ಯಾಗ ಎತ್ತರದ ಕಬ್ಬಿಣದ ಪಲಂಗ ಮಾಡಿಸಿದ್ಲು. ರೈಲಿನ್ಯಾಗ ಮ್ಯಾಲಿನ ಬರ್ಥ ಇರತೈತಲ್ಲ, ಹಂಗ. ಏಣಿ ಹತ್ತಿ ಮ್ಯಾಲ ಶಾರಿ ಮಲಗಬೇಕು, ಕೆಳಗ ಗಂಟು ಇಡಬೇಕು.

ಶಾಂತಲಿಂಗಪ್ಪನ ಮನಸಿಗೆ ಇದು ಬಂದಿದ್ದಿಲ್ಲ. "ಕೆಳಗ ಶಾಬಾದಿ ಕಲ್ಲಿನ ಫರ್ಶಿ ಐತಿ. ಹುಡುಗಿ ಬಿದ್ರ ತಲಿ ಉಳೀತೈತೇನು? ನಮ್ಮಪ್ಪ ನೆಲದ ಮ್ಯಾಲ ಮಲಗಿ ಎಂಬತ್ತು ವರ್ಷ ಬದುಕ್ಯಾನ."

"ನಿಮ್ಮಪ್ಪನ ಖೋಲ್ಯಾಗ ಗಂಟು ಇದ್ದಿದ್ದಿಲ್ರೀ," ಅಂದ್ಲು ಉಮಾಬಾಯಿ.

ಟೆಂಪೋದಾಗ ಬಿಡಿಬಿಡಿ ಪೈಪು, ಪಟ್ಟಿ ಬಂದ್ವು. ಜೋಡಿಸಾಕ ಮಿಸ್ತ್ರಿ ನಾಳೆ ಬರತಾನಂತ ಟೆಂಪೋದಾಂವ ಹೇಳಿ ಹೋದ. ಚನ್ನವೀರ ಪಾನಾ ತಿರುವಿಕೋತ ಬಾಗಲದಾಗ ನಿಂತ. "ನಾಳೆ ಅನ್ನೂದು ಸೋತವರ ಮಾತು, ಅಕ್ಕಾ. ಈ ಕೈಗೆ ಹೆದರದ ಬೋಲ್ಟು ಇನ್ನೂ ತಯಾರಾಗಿಲ್ಲ."

"ಡೈಲಾಗ ಸಾಕು. ಹೊಸಾ ಅಂಗಿ ಕಳದಿಟ್ಟು ಕೆಲಸಾ ಮಾಡು."

ಒಂದ ತಾಸಿನ್ಯಾಗ ಪಲಂಗ ನಿಂತಿತು. ಎರಡ ಉದ್ದನ ಪಟ್ಟಿ ಮಾತ್ರ ಉಳದ್ವು.

"ಚನ್ನೂ, ಇವು?"

"ಅವು ಖಾಲಿ, ಅಕ್ಕಾ. ಬಣ್ಣದಾಗ ಬರದಾರ ನೋಡು, ಖಾಲಿ ಅಂತ. ಕೆಲಸ ಇಲ್ಲದವು."

ಚನ್ನವೀರ ಕಲ್ತದ್ದು ಕನ್ನಡ ಸಾಲ್ಯಾಗ. ಮರಾಠಿ ಮಾತು ನೀರು ಕುಡದಂಗ ಆಡತಿದ್ದ, ಆದ್ರ ಆ ಅಕ್ಷರದ ಗುರುತು ಆಗಿದ್ದು ಹಿಂದಿ ಸಿನಿಮಾದ ಪೋಸ್ಟರ್ ನೋಡಿ, ಹಿಂಗಾಗಿ ಬರದದ್ದು ಕಂಡ್ರ ಹಿಂದಿ ಅಂತನ ಓದತಿದ್ದ. ಸಿನಿಮಾದಾಗ ಹೀರೋನ ಕಿಸೆ ಖಾಲಿ, ವಿಲನ್ನನ ಪಿಸ್ತೂಲು ಖಾಲಿ. ಅವನ ಲೆಕ್ಕದಾಗ ಈ ಪಟ್ಟೀನೂ ಖಾಲಿ. ಉಮಾಬಾಯಿಗೆ ಅಕ್ಷರ ಬರತಿದ್ದಿಲ್ಲ. ತಮ್ಮ ಓದ್ಯಾನಂದ್ರ ಖರೆ ಇರಬೇಕಂತ ಅಡಗಿಮನಿಗೆ ಹೋದ್ಲು.

ಊಟಕ್ಕ ಬಂದ ಶಾಂತಲಿಂಗಪ್ಪ ಪಲಂಗದ ಒಂದ ಕಾಲು ಹಿಡದು ದೂಡಿದ. "ಅಲ್ಲಾಡತೈತಲ್ಲೋ?"

"ರೈಲಿನ ಬರ್ಥೂ ಅಲ್ಲಾಡತೈತ್ರಿ, ಮಾವಾರ. ಯಾರರ ಟಿಕೀಟು ವಾಪಸ್ ಕೊಟ್ಟಾರೇನು?"

ಶಾಂತಲಿಂಗಪ್ಪನ ಊಟ ಮುಗಿಯೂದರಾಗ ಗಂಗುಬಾಯಿ ಬಂದ್ಲು. ಕುಂಭಾರಿಯಾಕಿ. ದಿನಾ ಬಸ್ಸಿಗೆ ಬಂದು ಅದ ಕಾರಖಾನ್ಯಾಗ ಪೈಪಿಗೆ ಬಣ್ಣ ಹಚ್ಚತಿದ್ಲು, ಯಾವ ಪೈಪು ಎಲ್ಲಿ ಅಂತ ಗುರುತು ಬರಿಯಾಕೀನೂ ಆಕೀನ. ಟೆಂಪೋದಾಗ ಹಾಕಾಕ ಮರತ ವಾಷರಿನ ಪುಡಿಕಿ ಕೊಡಾಕ ಮಾಲಕ ಕಳಿಸಿದ್ದ. ಆಕಿ ಒಳಗ ಬಂದಾಗ ಶಾರಿ ಏಣಿಯ ಮೊದಲನೇ ಮೆಟ್ಟಲದ ಮ್ಯಾಲ ನಿಂತಿದ್ಲು, ಹತ್ತಾಕ ತಯಾರಾಗಿ.

"ಇಳಿ, ಮಗಾ," ಅಂದ್ಲು ಗಂಗುಬಾಯಿ. "ತಮ್ಮಾ, ಇವೆರಡು ಗ್ವಾಡಿಗೆ ಯಾಕ ನಿಂತಾವ?"

"ಅವು ಖಾಲಿ, ಕಾಕು."

"ಹೌದಲ್ಲ, ಖಾಲಿ. ಮತ್ತ ಹಾಕಿಲ್ಲ ಯಾಕ?"

"ಖಾಲಿ ಇದ್ದದ್ದು ಯಾಕ ಹಾಕಬೇಕು?"

"ಹಂಗಂದ್ರ ಮ್ಯಾಲ ಹಾಕತಿ ಏನು?"

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಗಂಗುಬಾಯಿಗೆ ಆಗ ಹೊಳೀತು. "ಎಪ್ಪಾ, ನಾ ಬರದದ್ದು ಮರಾಠಿ. ಮರಾಠ್ಯಾಗ ಖಾಲಿ ಅಂದ್ರ ಕೆಳಗ. ಹುಡುಗಿ ಬೀಳಬಾರದಂತ ಸುತ್ತ ಹಾಕೋ ಕಠಡಾಕ್ಕ 'ವರ' ಅಂತ ಬರದೀನಿ, ಮ್ಯಾಲ ಅಂತ. ಅದನ್ನ ಏನಂತ ಓದಿದಿ?"

ಚನ್ನವೀರ ಫರ್ಶಿ ನೋಡಿದ. "ಮದುಮಗ ಅಂತ. ಯಾರದೋ ಮದುವಿ ಪಲಂಗದ ಸಾಮಾನು ಕೂಡೇತಿ ಅಂದ್ಕೊಂಡೆ. ಮ್ಯಾಲ ಬಿಟ್ಟು ಬ್ಯಾರೆ ಕಡೆ ಕೂಡಲಿಲ್ಲ, ಹಿಂಗಾಗಿ ಅಲ್ಲೇ ಹಾಕಿದೆ."

ಉಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬರೋಬ್ಬರಿ ಆತು, ಮದುಮಗ ಮ್ಯಾಲ ಕುಂತಾನ."

"ನಗೂದು ಆಮ್ಯಾಲ, ಅಕ್ಕಾರ," ಅಂದ್ಲು ಗಂಗುಬಾಯಿ. ಎರಡ ಗಂಟು ಎತ್ತಿ ಮ್ಯಾಲ ಇಡಿಸಿದ್ಲು, ಎಲ್ಲಾರ್ನೂ ದೂರ ನಿಲ್ಲಿಸಿದ್ಲು. ಒಂದ ಕೈಲೆ ಪಲಂಗ ದೂಡಿದ್ಲು. ಪಲಂಗ ಮಂಡಿ ಮುರದ ಎತ್ತಿನಂಗ ಒಂದ ಕಡೆ ಬಾಗಿತು. ಮ್ಯಾಲಿನ ಗಂಟು ಕಠಡಾ ದಾಟಿ ಫರ್ಶಿ ಮ್ಯಾಲ ಧಪ್ಪಂತ ಬಿತ್ತು. ಶಾರಿ ಅವ್ವನ ಸೀರಿ ಹಿಡಕೊಂಡ್ಲು.

"ಕೆಳಗಿನ ಪಟ್ಟಿ ಕಾಲು ಹಿಡಕೊಂಡಿರತೈತಿ," ಅಂದ್ಲು ಗಂಗುಬಾಯಿ. "ಅದಿಲ್ಲಂದ್ರ ನಿಂತಂಗ ಕಾಣತೈತಿ ಅಷ್ಟ. ಬಿಚ್ಚು, ತಮ್ಮಾ. ಮೊದಲ ಎಲ್ಲಾ ಬೋಲ್ಟು ಬರೇ ಕೈಲೆ ಹಾಕು. ನಾಕೂ ಕಾಲು ನೆಟ್ಟಗ ಕುಂತ ಮ್ಯಾಲ ಪಾನಾ ಹಚ್ಚು. ನಟ್ಟಿನ ಬುಡಕ ವಾಷರ್ ಹಾಕೂದು ಮರೀಬ್ಯಾಡ. ಮತ್ತ ಮ್ಯಾಲ ತಿರಗೋ ಪಂಖಾದಿಂದ ದೂರ ಸರಸು, ಹುಡುಗಿ ಎದ್ದು ಕೈ ಚಾಚಿದ್ರ ಮುಟ್ಟಬಾರದು."

ಈ ಸಲ ಚನ್ನವೀರ ಎಲ್ಲಾ ಬಿಚ್ಚಿ, ಆಕಿ ಹೇಳಿದಂಗ ಒಂದೊಂದ ಬೋಲ್ಟು ಬರೇ ಕೈಲೆ ಹಾಕಿದ. ಎರಡೂ ಪಟ್ಟಿ ಕೆಳಗ ಅಡ್ಡಡ್ಡ ಕುಂತ್ವು. ಆರ ಗಂಟು ಮ್ಯಾಲ ಹೇರಿದ್ರು. ಶಾಂತಲಿಂಗಪ್ಪ ತಾನ ಹೆಗಲು ಕೊಟ್ಟು ದೂಡಿದ, ಏಣಿಗೆ ಜೋತು ಬಿದ್ದ. ಪಲಂಗ ಕದಲಲಿಲ್ಲ.

"ಹೂಂ," ಅಂದ. "ಇಲ್ಲಿ ಮಲಗಲಿ."

ಸಂಜಿಕ ಶಾರಿ ಮ್ಯಾಲ ಕುಂತು ಮಗ್ಗಿ ಹೇಳಾಕತ್ತಿದ್ಲು. ಉಮಾಬಾಯಿ ಕೆಳಗ ಕುಂತು ಚಾ ಕುಡದ್ಲು. ಆ ದಿವಸ ಬಿಸಿ ಇದ್ದಾಗನ ಕುಡದ ಮೊದಲನೇ ಚಾ ಅದು.

ಇಲ್ಲಿ ಕೂಡಿದ ಮಹಿಳಾ ಮಂಡಳದ ಅಕ್ಕಗೋಳ, ನಿಮ್ಮ ಮನ್ಯಾಗ ಮಕ್ಕಳ ಸಲುವಾಗಿ ಇಂಥಾ ಪಲಂಗ ಬಂದ್ರ ಒಂದ ಪಟ್ಟಿ ಉಳೀತಂದ್ರೂ ಕೆಲಸ ನಿಲ್ಲಸ್ರಿ. ಅದು ಎಲ್ಲಿಗೆ ಅಂತ ಮಾಡಿದವರನ್ನ ಕೇಳ್ರಿ, ಕೇಳಿದ್ರ ಮರ್ಯಾದಿ ಹೋಗಂಗಿಲ್ಲ. ಮೊದಲ ಗಂಟು ಹತ್ತಲಿ, ಆಮ್ಯಾಲ ಕೂಸು ಹತ್ತಲಿ. ತಿಂಗಳಿಗೊಮ್ಮೆ ನಟ್ಟು ತಿರುವಿ ನೋಡ್ರಿ, ಅವು ತಾವ ಸಡ್ಲ ಆಗತಾವ.

ಇಲ್ಲಿಗೆ ಮುಗಿಸಿ ಚಪ್ಪಾಳಿ ತಗೋಬೇಕಂತಿದ್ದೆ. ಆದ್ರ ನಡುವ ಒಂದ ರೀಲು ಕತ್ತರಿಸೀನಿ. ಚನ್ನವೀರ ಅಂದ್ರ ನಾನ. ಗಂಗುಬಾಯಿ ಬಂದಾಗ ಶಾರಿ ಹತ್ತಾಕ ನಿಂತಿದ್ದಿಲ್ಲ, ಇಳ್ಯಾಕತ್ತಿದ್ಲು. ಅಕ್ಕ ಅಡಗಿಮನ್ಯಾಗ ಮಾವಾರಿಗೆ ಊಟಕ್ಕ ನೀಡಾಕತ್ತಾಗ ನಾನ ಶಾರೀನ ಎತ್ತಿ ಮ್ಯಾಲ ಕುಂಡ್ರಿಸಿದ್ದೆ. ಪಲಂಗ ತೂಗಾಡಿತು. "ಮಾಮಾ, ಜೋಕಾಲಿ" ಅಂತ ಆಕಿ ನಕ್ಕಳು. ಆಕಿ ನಕ್ಕಳಂತ ನಾ ಇನ್ನೂ ಎರಡ ಸಲ ದೂಡಿದೆ.

ಆಕಿ ಬೀಳಲಿಲ್ಲ. ಆ ಗಂಟು ಬಿದ್ದ ಸಪ್ಪಳ ಮಾತ್ರ ನನ್ನ ಕಿವ್ಯಾಗ ಇನ್ನೂ ಐತಿ. ಅಕ್ಕಗ ಇವತ್ತಿನ ತನಕ ಹೇಳಿದ್ದಿಲ್ಲ. ಆಕಿ ಈಗ ಇಲ್ಲೇ ಮುಂದಿನ ಸಾಲಿನ್ಯಾಗ ಕುಂತು ಕೇಳಾಕತ್ತಾಳ.

ತಪ್ಪಾತು, ಅಕ್ಕಾ.