ಹೋದ ವರ್ಷದ ಇದೇ ವಾರ

ಆಂಬುಲೆನ್ಸ್ ಕಚೇರಿಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವಳಿಗೆ ನಲವತ್ತೊಂದು ವರ್ಷ. ಅಪ್ಪನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿಯೇ. ಅಪ್ಪ ಅದೇ ಊರಿನಲ್ಲಿ ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು.

ಹನ್ನೆರಡು ವರ್ಷಗಳಲ್ಲಿ ಬಂದ ಒಂದೊಂದು ಕರೆಯ ವಿವರವೂ ಅವಳ ಸುಪರ್ದಿಯಲ್ಲಿತ್ತು. ಎಲ್ಲವೂ ಡಿಸ್ಕ್‌ನಲ್ಲಿ. ಮೆಮೊರಿಯಲ್ಲಿ ಹಿಡಿಸುತ್ತಿದ್ದುದು ಅದರಲ್ಲಿ ಅಲ್ಪಸ್ವಲ್ಪ ಮಾತ್ರ. ಮೆಮೊರಿಯಲ್ಲಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಡಿಸ್ಕ್‌ನಿಂದ ಹೆಕ್ಕಿ ತರಬೇಕೆಂದರೆ ನಿಮಿಷಗಟ್ಟಲೆ ಕಾಯಬೇಕು. ಹಾಗಾಗಿ ಅವಳು ಇತ್ತೀಚಿನ ಮೂರು ತಿಂಗಳ ವಿವರವನ್ನು ಮೆಮೊರಿಯಲ್ಲಿಟ್ಟಿದ್ದಳು.

ಆದರೂ ಯಾವ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತೋರಿಸುವ ನಕ್ಷೆ ತೆರೆದುಕೊಳ್ಳಲು ಪ್ರತಿ ಬೆಳಿಗ್ಗೆ ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ಮೇಲಧಿಕಾರಿಯ ತಾಳ್ಮೆ ಮುಗಿದಿತ್ತು.

"ಎರಡು ವರ್ಷಕ್ಕಿಂತ ಹಳೇದನ್ನೆಲ್ಲ ಅಳಿಸಿಬಿಡಿ. ಯಾರಿಗೆ ಬೇಕು ಅದು?"

"ಅಳಿಸೋದು ಎಷ್ಟೊತ್ತಿನ ಕೆಲಸ ಸರ್. ಆಮೇಲೆ ಬೇಕು ಅಂದ್ರೆ ತಲೆಕೆಳಗಾಗಿ ನಿಂತ್ರೂ ಸಿಗಲ್ಲ. ನಾಲ್ಕು ದಿನ ಕೊಡಿ."

"ಸೋಮವಾರ ಶಾಲೆ ಶುರು. ಅಷ್ಟರೊಳಗೆ ಸರಿಹೋಗ್ಬೇಕು."

ಅಂದು ಮನೆಯಲ್ಲಿ ಅವಳ ಸಪ್ಪೆ ಮುಖ ನೋಡಿ ಅಪ್ಪ ವಿಷಯ ಕೇಳಿ ತಿಳಿದುಕೊಂಡರು. ಡಿಸ್ಕ್, ಮೆಮೊರಿ ಒಂದೂ ಅವರ ತಲೆಗೆ ಹತ್ತಲಿಲ್ಲ.

"ಅದೆಲ್ಲ ಇರ್ಲಿ ಪುಟ್ಟಿ, ಆ ನಕ್ಷೆ ನೋಡೋರ ಪಕ್ಕ ಒಂದು ದಿನ ಕೂತಿದ್ದೀಯಾ?"

ಕೂತಿರಲಿಲ್ಲ. ಅವಳ ಕೋಣೆ ಎರಡನೇ ಮಹಡಿಯಲ್ಲಿ, ಅವರದು ನೆಲಮಹಡಿಯಲ್ಲಿ. ಏಳು ವರ್ಷಗಳಿಂದ ಮೆಟ್ಟಿಲ ಬಳಿ ನಗುವಷ್ಟೇ ಪರಿಚಯ.

ಮರುದಿನ ಬೆಳಿಗ್ಗೆ ಆರಕ್ಕೇ ಹೋಗಿ ನಕ್ಷೆ ನೋಡುವ ಹಿರಿಯ ಆಪರೇಟರ್ ಪಕ್ಕ ಕುರ್ಚಿ ಎಳೆದುಕೊಂಡಳು. ಆಕೆ ನಕ್ಷೆ ತೆರೆದವಳೇ ಹೋದ ವರ್ಷದ ಇದೇ ವಾರವನ್ನೂ ಅದರ ಮುಂದಿನ ವಾರವನ್ನೂ ಒತ್ತಿದಳು. ಆಮೇಲೆ ಅದರ ಹಿಂದಿನ ವರ್ಷ, ಅದರ ಹಿಂದಿನದು.

"ಹೋದ ವಾರದ್ದು ನೋಡಲ್ವಾ ನೀವು?"

"ಅದನ್ನ ನೋಡಿ ಏನ್ಮಾಡ್ಲಿ ಮೇಡಂ? ಹೋದ ವಾರ ಮಕ್ಕಳಿಗೆ ರಜೆ ಇತ್ತು, ಈಗಲೂ ಇದೆ. ಸೋಮವಾರ ಶಾಲೆ ಶುರುವಾದಾಗ ಎಲ್ಲೆಲ್ಲಿ ಏಟಾಗುತ್ತೆ ಅಂತ ಹಿಂದಿನ ವರ್ಷಗಳನ್ನೇ ಕೇಳ್ಬೇಕು."

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹೊಸದೆಲ್ಲ ಬೇಕಾದದ್ದು ಎಂದು ತಾನೇ ತೀರ್ಮಾನಿಸಿ ಕೂತಿದ್ದಳಲ್ಲ. ಮೂರು ದಿನ ಅಲ್ಲೇ ಕೂತು ಪ್ರತಿ ಪ್ರಶ್ನೆಯನ್ನೂ ಬರೆದುಕೊಂಡಳು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು: ಒಂದು ಕರೆಗೆ ಅರವತ್ತು ಬಗೆಯ ವಿವರಗಳಿದ್ದರೂ ನಕ್ಷೆಗೆ ಬೇಕಾದವು ನಾಲ್ಕೇ. ದಿನಾಂಕ, ಗಂಟೆ, ಜಾಗ, ಗಾಡಿ ತಲುಪಲು ಹಿಡಿದ ಹೊತ್ತು. ರೋಗಿಯ ಹೆಸರು, ವಿಳಾಸ, ಆಸ್ಪತ್ರೆಯ ಪುಟಗಟ್ಟಲೆ ಟಿಪ್ಪಣಿ, ಇವೆಲ್ಲ ಸುಮ್ಮನೆ ಮೆಮೊರಿಯಲ್ಲಿ ಜಾಗ ಹಿಡಿದು ಕೂತಿದ್ದವು.

ಶನಿವಾರ ಅವನ್ನೆಲ್ಲ ಮೆಮೊರಿಯಿಂದ ತೆಗೆದು ಡಿಸ್ಕ್‌ನಲ್ಲಷ್ಟೇ ಉಳಿಸಿದಳು. ಖಾಲಿಯಾದ ಜಾಗದಲ್ಲಿ ಹನ್ನೆರಡೂ ವರ್ಷಗಳ ಆ ನಾಲ್ಕು ವಿವರಗಳು ಹಿಡಿಸಿದವು. ಒಂದಕ್ಷರವನ್ನೂ ಅಳಿಸಲಿಲ್ಲ.

ಸೋಮವಾರ ನಕ್ಷೆ ಮೂರು ಸೆಕೆಂಡಿನಲ್ಲಿ ತೆರೆದುಕೊಂಡಿತು. ಹಿರಿಯ ಆಪರೇಟರ್ ಒಂದೊಂದೇ ವರ್ಷ ಹಿಂದೆ ಸರಿದಳು. ಇಷ್ಟು ದಿನ ಕಾಯಲು ಪುರುಸೊತ್ತಿಲ್ಲದೆ ಮೂರು ವರ್ಷಕ್ಕೇ ನಿಲ್ಲಿಸುತ್ತಿದ್ದವಳು ಇವತ್ತು ಹನ್ನೆರಡಕ್ಕೂ ಹೋದಳು. ಸೇತುವೆ ಪಕ್ಕದ ಶಾಲೆಯ ಎದುರು ಹನ್ನೆರಡರಲ್ಲಿ ಎಂಟು ವರ್ಷ, ಇದೇ ವಾರ, ಅಪಘಾತ. ಏಳೂವರೆಗೆ ಅಲ್ಲೊಂದು ಗಾಡಿ ನಿಲ್ಲಿಸಿದರು.

ಎಂಟೂಕಾಲಿಗೆ ಕರೆ ಬಂತು. ರಸ್ತೆ ದಾಟುತ್ತಿದ್ದ ಹುಡುಗಿಗೆ ವ್ಯಾನ್ ಬಡಿದಿತ್ತು, ತೊಡೆಯಿಂದ ರಕ್ತ ಸುರಿಯುತ್ತಿತ್ತು. ಗಾಡಿ ಒಂದೇ ನಿಮಿಷದಲ್ಲಿ ತಲುಪಿತು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಎದ್ದು ಕೂತು ಚಪ್ಪಲಿ ಎಲ್ಲಿ ಎಂದು ಕೇಳುತ್ತಿದ್ದಾಳೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ನೆಲಮಹಡಿಯವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಲಧಿಕಾರಿ, "ಹಳೇದು ಇರ್ಲಿ ಬಿಡಿ," ಎಂದಷ್ಟೇ ಹೇಳಿ ಅವಳ ಕೈ ಕುಲುಕಿದರು.

ಆ ಸಂಜೆ ಅಪ್ಪನಿಗೆ ಮಾತ್ರೆ ಕೊಳ್ಳಲು ಇಬ್ಬರೂ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಅಪ್ಪ ಮುಂದಿದ್ದ ಅಪರಿಚಿತರ ಭುಜ ಮುಟ್ಟಿದರು.

"ಇವಳು ನನ್ನ ಮಗಳು. ನಮ್ಮ ಕಾಲದಲ್ಲಿ ಫೋನ್ ಬಂದ್ಮೇಲೆ ಗಾಡಿ ತೆಗೀತಿದ್ವಿ. ಇವಳು ಫೋನ್ ಬರೋಕೆ ಮುಂಚೆನೇ ಕಳಿಸ್ತಾಳೆ."

"ನಾನೊಬ್ಬಳೇ ಅಲ್ಲಪ್ಪ, ಕೆಳಗಿನೋರೂ ಇದ್ರು," ಎಂದಳು ಅವಳು. ಆದರೆ ಅಪ್ಪ ಹಿಂದೆ ನಿಂತವರಿಗೂ ಅದನ್ನೇ ಹೇಳಲು ತಿರುಗಿದಾಗ ಅವಳು ತಡೆಯಲಿಲ್ಲ. ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಕೇಳಿಸಿಕೊಂಡಳು.