ಅಂಗಳದ ಕೆಂಪು ಸವತಿ

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದರೆ ಪ್ರಮೀಳಾ ಜಗಳಕ್ಕೆ ನಿಲ್ಲುತ್ತಿದ್ದಳು, ಹಿರಿಯರನ್ನು ಕೂರಿಸಿ ನ್ಯಾಯ ಕೇಳುತ್ತಿದ್ದಳು, ಅದೂ ಆಗದಿದ್ದರೆ ಆ ಇನ್ನೊಬ್ಬಳ ತುರುಬು ಹಿಡಿದು ನಾಲ್ಕು ಬಾರಿಸಿಯಾದರೂ ಬರುತ್ತಿದ್ದಳು. ಆದರೆ ಅವಳ ಹೊಟ್ಟೆಗೆ ಕಿಚ್ಚಿಟ್ಟವಳಿಗೆ ತುರುಬೇ ಇರಲಿಲ್ಲ. ನಾಲ್ಕು ಚಕ್ರಗಳಿದ್ದವು, ಎರಡೇ ಸೀಟುಗಳಿದ್ದವು, ಮೈತುಂಬ ಕೆಂಪು ಬಣ್ಣವಿತ್ತು. ಶಿಕಾರಿಪುರದ ಅವರ ಮನೆಯಂಗಳದಲ್ಲಿ, ಗಂಡ ಸಂಗಮೇಶನ ಗ್ಯಾರೇಜಿನ ಶೆಡ್ಡಿನೊಳಗೆ ಆ ಕಾರು ಬಂದು ನಿಂತಾಗಿನಿಂದ ಪ್ರಮೀಳಾಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

ಕಾರು ಸೊರಬದ ಹೇಮಂತನದು. ಅಡಿಕೆ ವ್ಯಾಪಾರದ ಮನೆಯವನು, ಎಲ್ಲಿಂದಲೋ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಹಿಡಿದು ತಂದಿದ್ದ. ನೋಡಿದರೆ ರಾಣಿ, ಓಡಿಸಿದರೆ ಒಲೆ. ದೊಡ್ಡ ಇಂಜಿನನ್ನು ಗಿಡ್ಡ ಬಾನೆಟ್ಟಿನೊಳಗೆ ತುರುಕಿದ್ದರಿಂದ ಬಿಸಿ ಗಾಳಿಗೆ ಹೊರಬೀಳಲು ದಾರಿಯೇ ಇರಲಿಲ್ಲ. ಶಿರಾಳಕೊಪ್ಪ ಮುಟ್ಟುವುದರೊಳಗೆ ನೀರು ಕುದಿಯುತ್ತಿತ್ತು, ಪಕ್ಕದ ಸೀಟಿನಲ್ಲಿ ಕೂತವರ ಕಾಲು ಬೇಯುತ್ತಿತ್ತು. ಕಂಪನಿಯ ಸಾಮಾನು ತರಿಸುವ ಮಾತು ಬೇಡ, ಇಲ್ಲಿಯದೇ ತಗಡು ತಂತಿಯಲ್ಲಿ ಏನಾದರೂ ಮಾಡಿ ತಣ್ಣಗಾಗಿಸಿ ಎಂದು ಹೇಮಂತ ಕೀಲಿ ಕೈಗಿಟ್ಟು ಹೋಗಿದ್ದ.

ಸಂಗಮೇಶನಿಗೆ ಅಷ್ಟು ಸಾಕಾಯಿತು. ಟ್ರ್ಯಾಕ್ಟರು, ಲಗೇಜ್ ಆಟೋಗಳ ನಡುವೆಯೇ ಕೂದಲು ನರೆತ ಮನುಷ್ಯ, ಈಗ ಬೆಳಗೆದ್ದವನೇ ಮುಖ ತೊಳೆಯುವ ಮೊದಲು ಶೆಡ್ಡಿಗೆ ಹೋಗುತ್ತಿದ್ದ. ಬಾನೆಟ್ಟಿನ ಹಿಂದಿನ ಕೀಲುಗಳ ಕೆಳಗೆ ವಾಷರ್ ಕೊಟ್ಟು ಅದನ್ನು ಬೆರಳು ದಪ್ಪ ಮೇಲೆತ್ತಿದ, ಬಿಸಿ ಅಲ್ಲಿಂದ ಹೊರಡಲೆಂದು. ಸೈಲೆನ್ಸರ್ ಪೈಪಿಗೆ ಬೆಂಕಿ ತಡೆಯುವ ಪಟ್ಟಿಯನ್ನು, ಮುರಿದ ಕಾಲಿಗೆ ಸುತ್ತುವ ಹಾಗೆ, ನಾಜೂಕಾಗಿ ಸುತ್ತಿದ. ಮುಂದಿನ ಜಾಲರಿಯಿಂದ ಇಂಜಿನ್ನಿನ ಪಕ್ಕೆಗೆ ಗಾಳಿ ಬೀಳುವಂತೆ ಪೈಪು ಎಳೆದ. ಪ್ರತಿ ಸಲ ಇಂಜಿನ್ ಓಡಿಸಿ ನಿಲ್ಲಿಸಿ, ಮಗುವಿನ ಜ್ವರ ನೋಡುವವನ ಹಾಗೆ ಮುಂಗೈಯನ್ನು ಬಾನೆಟ್ಟಿಗೆ ಮೆಲ್ಲಗೆ ತಾಗಿಸಿ ನೋಡುತ್ತಿದ್ದ. ಆ ಮುಂಗೈಯನ್ನು ನೋಡಿದಾಗಲೆಲ್ಲ ಪ್ರಮೀಳಾಗೆ ಮೈ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಶೆಡ್ಡಿನ ಪಕ್ಕದಲ್ಲೇ, ತಗಡಿನ ಮಾಡಿನ ಅಡುಗೆಮನೆಯಲ್ಲಿ ಕೂತು ಅವಳು ದಿನವಿಡೀ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಸ್‌ಸ್ಟ್ಯಾಂಡಿನ ಖಾನಾವಳಿಗೆ, ಬೀದಿಯ ಮನೆಗಳಿಗೆ ಅವಳದೇ ರೊಟ್ಟಿ. ಮೇಲೆ ಏಪ್ರಿಲ್ಲಿನ ತಗಡು, ಮುಂದೆ ಉರಿಯುವ ಹಂಚು. "ಈ ತಗಡಿಗೆ ಏನಾರ ಮಾಡ್ರಿ" ಎಂದು ಮದುವೆಯಾದ ವರ್ಷದಿಂದ ಹೇಳುತ್ತಿದ್ದಳು. "ನೋಡಣ" ಎಂದು ಅವನು ಮದುವೆಯಾದ ವರ್ಷದಿಂದ ಹೇಳುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಯಾರೋ ಇವನನ್ನು ನೋಡಿಯೇ ಕಟ್ಟಿರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು.

ರೊಟ್ಟಿಗೆ ಬರುತ್ತಿದ್ದ ಪಕ್ಕದ ಮನೆಯ ಚಾಂದ್ ಬೀ ಉರಿಯುವ ಬೆಂಕಿಗೆ ಎಣ್ಣೆ ಹೊಯ್ಯುತ್ತಿದ್ದಳು.

"ಏನವ್ವ ಪ್ರಮೀಳಾ, ನಿನ್ನ ಸವತಿಗೆ ಇವತ್ತು ಏನ್ ಉಪಚಾರ?"

"ಗಾಳಿ ಹಾಕ್ತಾ ಕೂತಾರೆ ನೋಡು, ನಮ್ಮನಿಯವರು."

"ಬಣ್ಣ ಭಾರಿ ಐತಿ ಬಿಡು. ಯಾರಿಗಾದ್ರೂ ಮನಸ್ಸಾಗತೈತಿ" ಎಂದು ನಗುತ್ತ ಚಾಂದ್ ಬೀ ರೊಟ್ಟಿ ಸುತ್ತಿಕೊಂಡು ಹೋಗುತ್ತಿದ್ದಳು. ಪ್ರಮೀಳಾಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳು ಆ ಕಾರನ್ನು ನಿಜವಾಗಿಯೂ ದ್ವೇಷಿಸುತ್ತಿದ್ದಳು. ಬಟ್ಟೆ ಒಣಹಾಕಲು ಅಂಗಳ ದಾಟುವಾಗ ಒದ್ದೆ ಸೀರೆಯನ್ನು ಬೇಕೆಂದೇ ಅದರ ಗಾಜಿನ ಮೇಲೆ ಕೊಡವುತ್ತಿದ್ದಳು.

ಕೊನೆಗೆ ಅವಳ ಪರಾತವೂ ಹೋಯಿತು. ಹಿಟ್ಟು ನಾದುವ ಅಗಲವಾದ ಅಲ್ಯೂಮಿನಿಯಂ ಪರಾತ, ತವರಿನಿಂದ ತಂದದ್ದು. ಒಂದು ಬೆಳಿಗ್ಗೆ ಹುಡುಕಿದರೆ ಇಲ್ಲ. ಶೆಡ್ಡಿಗೆ ಹೋಗಿ ನೋಡಿದರೆ ಸಂಗಮೇಶ ಅದನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿಗೆ ಆನಿಸಿ ಸ್ಕ್ರೂ ಹಾಕುತ್ತಿದ್ದ.

"ಬಿಸಿ ಒಳಗೆ ಬರದಂಗೆ ಇದು ತಡೀತೈತಿ. ಇಂಥ ದಪ್ಪ ಅಲ್ಯೂಮಿನಿಯಂ ಈಗ ಎಲ್ಲಿ ಸಿಗಬೇಕು?" ಎಂದ, ಹೆಂಡತಿಯನ್ನು ಹೊಗಳಿದವನ ಹಾಗೆ.

"ನನ್ನನ್ನೂ ಕತ್ತರಿಸಿ ಅದಕ್ಕೇ ಬಡೀರಿ. ಇನ್ನೇನು ಉಳಿದೈತಿ? ಮೊದ್ಲು ಇದನ್ನ ಈ ಮನಿಯಿಂದ ಹೊರಗೆ ಕಳಸ್ರಿ" ಎಂದು ಅವಳು ಕೂಗಾಡಿದಳು. ಅವಳ ಕಾಟ ತಡೆಯಲಾರದೆ ಸಂಗಮೇಶ ಉಳಿದ ಕೆಲಸವನ್ನು ಅವಸರದಲ್ಲೇ ಮುಗಿಸಿದ.

ಮರುದಿನ ಅವನು "ಸೊರಬಕ್ಕೆ ಹೋಗಿ ಕಾರು ಕೊಟ್ಟು ಬರಣ, ನೀನೂ ಬಾ" ಎಂದಾಗ ಪ್ರಮೀಳಾಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವನು ಅವಳನ್ನು ಎಲ್ಲಿಗಾದರೂ ಕರೆದು ಎಷ್ಟು ಕಾಲವಾಗಿತ್ತೋ! ಪರಾತದ ಸಿಟ್ಟೂ ಅರ್ಧ ಇಳಿಯಿತು. ಇಳಕಲ್ ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು. ಸವತಿಯ ಮಡಿಲಲ್ಲೇ ಕೂತು ಊರ ನಡುವೆ ಮೆರೆಯುತ್ತೇನೆ ಎಂದುಕೊಂಡು ಕಾರು ಹತ್ತಿದಳು.

ಸಂಗಮೇಶ ಸೀರೆಯನ್ನು ನೋಡಿ, "ಗ್ರೀಸ್ ಹತ್ತೀತು, ಜ್ವಾಕಿ" ಎಂದ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ, ಅವಳ ಮೊಣಕಾಲಿನ ಮುಂದಿದ್ದ ತಗಡನ್ನು ತೋರಿಸಿದ. "ಇಲ್ಲಿ ಅಂಗೈ ಇಟ್ಕೊಂಡಿರು. ಬಿಸಿ ಆದ ಕೂಡ್ಲೇ ಹೇಳು. ನಾ ರಸ್ತೆ ನೋಡಬೇಕಲ್ಲ. ದಿನಾ ಬೆಂಕಿ ಮುಂದೆ ಕೂರಾಕಿ ನೀನು, ನಿನ್ನಷ್ಟು ಬಿಸಿ ಯಾರಿಗೆ ಗೊತ್ತಾಗಬೇಕು?"

ಕರೆದದ್ದು ಇದಕ್ಕೆ. ಮುಡಿದ ಮಲ್ಲಿಗೆಯನ್ನು ಕಿತ್ತು ಕಿಟಕಿಯಿಂದ ಎಸೆಯಬೇಕೆನ್ನಿಸಿತು. ಸವತಿಯ ಮೈ ಮುಟ್ಟಿ ಮುಟ್ಟಿ ನೋಡುವ ಸೂಲಗಿತ್ತಿಯ ಕೆಲಸ ತನಗೆ! ಕಾರು ಶಿಕಾರಿಪುರ ಬಿಡುವಷ್ಟರಲ್ಲಿ ಅವಳೊಂದು ನಿರ್ಧಾರಕ್ಕೆ ಬಂದಿದ್ದಳು. ತಗಡು ಎಷ್ಟೇ ಸುಡಲಿ, ಬಿಸಿ ಇದೆ ಎಂದು ಮಾತ್ರ ಹೇಳಬಾರದು. ಹೇಳಿದರೆ ಇವನು ಅದನ್ನು ಮತ್ತೆ ಅಂಗಳಕ್ಕೆ ತಂದು ಮತ್ತೆ ಮುಂಗೈ ತಾಗಿಸುತ್ತ ಕೂರುತ್ತಾನೆ. ತಣ್ಣಗಿದೆ ಎಂದುಬಿಟ್ಟರೆ ಕಾರು ಸೊರಬದಲ್ಲೇ ಉಳಿಯುತ್ತದೆ, ಪೀಡೆ ತೊಲಗುತ್ತದೆ.

ಶಿರಾಳಕೊಪ್ಪದಲ್ಲಿ ಕೇಳಿದ. "ಹೆಂಗೈತಿ?"

ಸುಳ್ಳು ಹೇಳಲು ಸಿದ್ಧಳಾಗಿಯೇ ಅಂಗೈಯನ್ನು ಒತ್ತಿ ನೋಡಿದಳು. ಆಶ್ಚರ್ಯ, ಸುಳ್ಳಿನ ಪ್ರಮೇಯವೇ ಬರಲಿಲ್ಲ. ತಗಡು ಬೆಚ್ಚಗಿತ್ತು, ಅಷ್ಟೇ.

"ಏನೂ ಇಲ್ಲರೀ. ಬೆಚ್ಚಗೈತಿ."

ಸಂಗಮೇಶನ ಮುಖ ಅರಳಿತು. ನೀರಿನ ಬಿಸಿ ತೋರಿಸುವ ಮುಳ್ಳೂ ಮೇಲೇರಿರಲಿಲ್ಲ. ಅವನು ದಾರಿಯುದ್ದಕ್ಕೂ ಸ್ಟಿಯರಿಂಗ್ ಸವರುತ್ತ, "ಭೇಷ್, ಭೇಷ್" ಎನ್ನುತ್ತಿದ್ದ. ಆ ಭೇಷ್ ತನಗಲ್ಲ ಎಂದು ಪ್ರಮೀಳಾಗೆ ಗೊತ್ತಿತ್ತು. ತಾನು ಬಡಿದ ಯಾವ ರೊಟ್ಟಿಗೂ ಅಂಥ ಭೇಷ್ ಬಿದ್ದಿರಲಿಲ್ಲ. ಇರಲಿ, ಇವತ್ತಿಗೆ ಇದರ ಋಣ ಮುಗಿಯಿತಲ್ಲ ಎಂದು ಹಲ್ಲು ಕಚ್ಚಿ ಕೂತಳು.

ಸೊರಬದಲ್ಲಿ ಹೇಮಂತನ ಅಡಿಕೆ ಮಂಡಿಯ ಮುಂದೆ ಕಾರು ನಿಂತದ್ದೇ ಜನ ಸೇರಿತು. ಅಡಿಕೆ ಮೂಟೆ ಇಳಿಸುವವರು, ಬಸ್ಸಿಗೆ ಕಾದವರು, ಎಲ್ಲರೂ ಬಂದು ಸುತ್ತುವರಿದರು. ಪ್ರಮೀಳಾ ಇಳಿದ ಕೂಡಲೇ ಹೇಮಂತ ಅದೇ ಸೀಟಿಗೆ ನುಗ್ಗಿ ಕೂತ. "ನೋಡಿ, ಒಂದು ತೊಟ್ಟು ನೀರು ಕುದ್ದಿಲ್ಲ. ಆ ತಗಡು ಮುಟ್ಟಿ ನೋಡಿ, ಕೈ ಇಟ್ಕೊಂಡೇ ಬರಬಹುದು" ಎಂದ ಸಂಗಮೇಶ, ಎಲ್ಲರಿಗೂ ಕೇಳುವಂತೆ.

ಹೇಮಂತ ಅಂಗೈ ಇಟ್ಟ. ಇಟ್ಟ ಮರುಕ್ಷಣ ಚೀರಿ ಹೊರಗೆ ಹಾರಿದ.

"ಅಯ್ಯಯ್ಯೋ! ಇದೆಂಥದು ಮಾರಾಯ್ರೆ, ಚರ್ಮವೇ ಸುಲೀತಲ್ಲ!"

ಜನ ಗೊಳ್ಳೆಂದು ನಕ್ಕರು. ಸಂಗಮೇಶನ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಅವನು ಹೆಂಡತಿಯ ಕಡೆ ತಿರುಗಿ, "ಬೇಕಂತಲೇ ಮಾಡಿದ್ಯಾ? ಬಿಸಿ ಇಲ್ಲ ಅಂದ್ಯಲ್ಲ!" ಎಂದು ಅಬ್ಬರಿಸಿದ.

ಸುಳ್ಳು ಹೇಳಲು ಹೊರಟಿದ್ದವಳು, ಹೇಳದೇ ಇದ್ದ ಸುಳ್ಳಿಗೆ ಬೈಸಿಕೊಂಡಳು. ಅವಳಿಗೆ ರೋಷ ಉಕ್ಕಿತು. ಬಾಗಿಲು ತೆಗೆದು ಒಳಗೆ ಬಗ್ಗಿ ಅದೇ ತಗಡಿನ ಮೇಲೆ ಅಂಗೈಯನ್ನು ಪೂರಾ ಊರಿದಳು.

"ಎಲ್ಲೈತಿ ಬಿಸಿ? ನೋಡ್ರಿ. ಎಲ್ಲಾರೂ ನೋಡ್ರಿ."

ಕೈ ತೆಗೆಯಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಸಂಗಮೇಶ ಬಗ್ಗಿ, ಅವಳ ಕೈಯ ಪಕ್ಕದಲ್ಲೇ ತನ್ನ ಬೆರಳು ತಾಗಿಸಿದ, ಹಾ ಎಂದು ಹಿಂದೆಗೆದ. ಆಮೇಲೆ ಅವಳ ಮುಂಗೈ ಹಿಡಿದು ಎಳೆದು, ಅಂಗೈಯನ್ನು ಬೆಳಕಿಗೆ ತಿರುಗಿಸಿದ. ಹಂಚಿನ ಮೇಲಿನ ರೊಟ್ಟಿಯನ್ನು ದಿನವೂ ಬರಿಗೈಯಲ್ಲಿ ಒತ್ತಿ, ತಿರುವಿ ಹಾಕಿದ ಕೈ. ಹಳದಿಗಟ್ಟಿ, ಎತ್ತಿನ ಕೊರಳಿನ ಹಾಗೆ ಜಡ್ಡುಗಟ್ಟಿತ್ತು. ಅವನು ಉಗುರಿನಿಂದ ಒತ್ತಿದ.

"ಗೊತ್ತಾಗತೈತಾ?"

"ಇಲ್ಲ."

"ಇಲ್ಲಿ?"

"ಇಲ್ಲರೀ." ಆಗ ಅವಳಿಗೂ ಹೆದರಿಕೆಯಾಯಿತು. ತನ್ನ ಕೈ ತನಗೆ ಹೇಳದೆ ಯಾವಾಗ ಹೀಗಾಯಿತು?

ಕಾರನ್ನು ಸೊರಬದಲ್ಲಿ ಬಿಡಲಾಗಲಿಲ್ಲ. ಬಂದ ದಾರಿಯಲ್ಲೇ ಮರಳಿದರು. ತಪ್ಪು ಎಲ್ಲಿದೆ ಎಂದು ಸಂಗಮೇಶನಿಗೆ ಆಗಲೇ ಹೊಳೆದಿತ್ತು. ಪರಾತವನ್ನು ತಗಡಿಗೆ ನೇರ ಆನಿಸಬಾರದಿತ್ತು, ನಡುವೆ ಬೆರಳಷ್ಟು ಗಾಳಿ ಬಿಡಬೇಕಿತ್ತು. ಅವನು ಅದನ್ನೇ ಹೇಳಲು ಬಾಯಿ ತೆರೆದ. ಪ್ರಮೀಳಾ ಮಡಿಲಲ್ಲಿ ಕೈಯಿಟ್ಟುಕೊಂಡು ಹೊರಗೆ ನೋಡುತ್ತ ಅಂದಳು: "ಇದಕ್ಕ ದಿನಾ ಜ್ವರ ನೋಡಿದಂಗ ನೋಡಿದ್ರಿ. ನನ್ನ ಕೈ ಯಾವತ್ತು ನೋಡಿದ್ರಿ?"

ಅವನು ಅವಳ ಮಡಿಲಿನ ಕೈಯನ್ನೊಮ್ಮೆ ನೋಡಿ, ಕಾರಿನ ವೇಗ ಇಳಿಸಿದ.

ಬೆಳಿಗ್ಗೆ ಹೇಮಂತನ ಫೋನು ಬಂತು. ಈ ವಾರ ಕಾರು ಸಿಗುತ್ತದಲ್ಲ ಎಂದು ಕೇಳುತ್ತಿದ್ದ. ಅಡುಗೆಮನೆಯ ಮಾಡಿನ ಮೇಲಿಂದ ಸಂಗಮೇಶನ ಧ್ವನಿ ಕೇಳಿಸಿತು. "ಇಲ್ಲ. ಮೊದ್ಲು ಇನ್ನೊಂದು ಕೆಲಸ ಐತಿ... ಕಾರಲ್ಲ, ಮನೀದು. ನಿಮ್ಮದು ಕಾಯಬೇಕು."

ಪ್ರಮೀಳಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು. ಕಾರಿನ ಮೇಲೆ ಹರಿದ ತಾಡಪಾಲು ಬಿದ್ದಿತ್ತು. ಗಂಡ ಮಾಡಿನ ಹಿಂದಿನ ಅಂಚನ್ನು ಎತ್ತಿ, ಮರದ ತುಂಡು ಕೊಟ್ಟು, ಬಿಸಿ ಹೊರಡಲು ಸಂದು ಬಿಡುತ್ತಿದ್ದ. ತಗಡಿನ ಮೇಲೆ ಬೆರಳಷ್ಟು ಗಾಳಿ ಬಿಟ್ಟು ಇನ್ನೊಂದು ತಗಡು ಕೂರಿಸುತ್ತಿದ್ದ. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾರಿನ ಹತ್ತಿರ ಹೋಗಿ, ಯಾರೂ ಕೇಳದಂತೆ, "ಕಾಯಿ ನೀನೂ ಸ್ವಲ್ಪ" ಎಂದು ಬಂದಳು.

ಮಧ್ಯಾಹ್ನ ಮೇಲಿಂದಲೇ ಕೂಗಿದ. "ಈಗ ಹೆಂಗೈತಿ ಒಳಗೆ?"

"ನನಗೇನು ಗೊತ್ತಾಗತೈತಿ? ಕೈ ಅಷ್ಟೇ ಅಲ್ಲ, ಮೈಯೆಲ್ಲ ಅದಕ್ಕೇ ಒಗ್ಗೈತಿ. ನೀವೇ ಇಳಿದು ಬಂದು ಕೂತು ನೋಡ್ರಿ. ರೊಟ್ಟಿ ಮುಗಿಯೋತನ ಕೂಡ್ರಬೇಕು ಮತ್ತೆ."

ಅವನು ಇಳಿದು ಬಂದು ಹಂಚಿನ ಎದುರು ಕೂತ. ಸ್ವಲ್ಪ ಹೊತ್ತಿಗೇ ಕುತ್ತಿಗೆಯಿಂದ ಬೆವರಿಳಿಯಿತು, ಉಸಿರು ದೊಡ್ಡದಾಯಿತು. ಎದ್ದು ಹೋಗಲಿಲ್ಲ. "ಇನ್ನೂ ಸುಡತೈತಿ. ಇಷ್ಟು ವರ್ಷ ಹೆಂಗ್ ಕೂತಿದ್ದೆ?" ಎಂದ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವನು ಕೈ ಚಾಚಿ, ಗ್ರೀಸ್ ವಾಸನೆಯ ಮುಂಗೈಯನ್ನು ಮೆಲ್ಲಗೆ ಅವಳ ಹಣೆಗೆ ತಾಗಿಸಿ ನೋಡಿದ.

ಅಂಗೈಗೆ ಏನೂ ತಿಳಿಯದಿದ್ದರೂ ಹಣೆಗೆ ಎಲ್ಲಾ ತಿಳಿಯಿತು. ಹೊರಗೆ ಗಾಳಿಗೆ ತಾಡಪಾಲು ಪಟಪಟ ಎಂದಿತು. ಸುಮ್ಮನೆ ಮುಚ್ಚಿಕೊಂಡು ಬಿದ್ದಿರು ಎಂದು ಮನಸ್ಸಿನಲ್ಲೇ ಕಾರಿಗೆ ಹೇಳಿ, ಪ್ರಮೀಳಾ ಮುಂದಿನ ರೊಟ್ಟಿಗೆ ಹಿಟ್ಟು ಮುರಿದುಕೊಂಡಳು.